ಅಪ್ಪಯ್ಯನ ಕಾಲು ಹೇಗಿದೆ, ಬರೆ

ಕಾಸೆಲ್, ಜರ್ಮನಿ
ಡಿಸೆಂಬರ್, ಸೋಮವಾರ ರಾತ್ರಿ

ಅಮ್ಮ,

ನಾವೆಲ್ಲ ಆರಾಮಾಗಿದ್ದೇವೆ. ಪುಟ್ಟಿಯ ನೆಗಡಿ ಹೋಯಿತು. ಇವರಿಗೆ ಕೆಲಸ ಜಾಸ್ತಿ, ಅದು ಇದ್ದದ್ದೇ. ನಿನ್ನ ಕಾಗದ ಶನಿವಾರ ಬಂತು. ನೀನು ಹಾಕಿ ಹದಿನಾರು ದಿನ ಆಗಿತ್ತು. ಅಷ್ಟು ದಿನವೂ ನಾನು ಫೋನ್ ಮಾಡಿ ಅಪ್ಪಯ್ಯ ಹೇಗಿದ್ದಾರೆ ಅಂತ ಕೇಳಿದ್ದೇನೆ, ನೀನು "ಆರಾಮು" ಅಂದಿದ್ದೀಯ, ಹಿಂದಿನಿಂದ ಅವರು "ಅಡಿಕೆ ಕೊಯ್ಯೋ ಕೊನೆಗಾರ ಇವತ್ತೂ ಬರಲಿಲ್ಲ ಅಂತ ಹೇಳೇ" ಅಂತ ಕೂಗಿದ್ದಾರೆ. ಅವರು ಪಕ್ಕದಲ್ಲೇ ಕೂತಿರುತ್ತಾರೆ, ನಿನಗೆ ಮಾತಾಡೋಕಾಗಲ್ಲ, ಗೊತ್ತು. ಆದರೂ ಅವರ ಕಾಲಿನ ಹೆಬ್ಬೆರಳಿನ ಅಡಿಯಲ್ಲಿ ಮೂರು ವಾರದಿಂದ ಮಾಯದ ಗಾಯ ಇದೆ ಅನ್ನೋದನ್ನ ಪೋಸ್ಟಿನಲ್ಲಿ ಹಾಕೋದಾ ಅಮ್ಮ? ಶಾರದತ್ತೆ ಮನೆಗೆ ಹೋದಾಗಲಾದರೂ ಒಂದು ಫೋನ್ ಮಾಡಬಹುದಿತ್ತಲ್ಲ.

ಬೈಯುತ್ತಿಲ್ಲ. ನೀನು ಹೆದರಬೇಡ. ನಾನೂ ಹೆದರಿಲ್ಲ. ಇದನ್ನು ಬರೆದು ಫೋಟೋ ತೆಗೆದು ಸೀನನಿಗೆ ಕಳಿಸುತ್ತೇನೆ, ಅವನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ನಿನ್ನ ಕೈಗೇ ಕೊಡುತ್ತಾನೆ. ಅಪ್ಪಯ್ಯ ಕೇಳಿದರೆ ಪುಟ್ಟಿ ಬರೆದ ಚಿತ್ರ ಅಂತ ಹೇಳು.

ಶನಿವಾರದ ಊಟದ ಫೋಟೋ ನೋಡಿದಿರಲ್ಲ, ಅದರ ವಿಷಯ ಮೊದಲು ಹೇಳಿಬಿಡುತ್ತೇನೆ. "ಅಳಿಯಂದಿರ ತಲೆಗೆ ಅಜ್ಜಿ ಟೊಪ್ಪಿ ಹಾಕಿ ಕೂರಿಸಿದ್ದಾಳೆ, ಇವಳಿಗೇನು ತಲೆ ಕೆಟ್ಟಿದೆಯಾ" ಅಂತ ಶಾರದತ್ತೆ ಕೇಳಿದರಂತೆ, ಸೀನ ಹೇಳಿದ. ತಲೆ ಕೆಟ್ಟಿಲ್ಲ. ಶನಿವಾರ ನಮ್ಮನೆಯಲ್ಲಿ ಎಂಟು ಜನರಿಗೆ ಊಟ ಇತ್ತು, ಅಡುಗೆಯೆಲ್ಲ ಅಡುಗೂಲಜ್ಜಿ ಕಥೆಗಳದ್ದು. ಇವರು ಅಜ್ಜಿಯನ್ನು ನುಂಗಿ ಅವಳ ಬಟ್ಟೆ ಹಾಕಿಕೊಂಡು ಮಲಗಿದ ತೋಳ. ಮೀಸೆ ಬೋಳಿಸುತ್ತೇನೆ ಅಂದರು, ನಾನು ಬೇಡ ಅಂದೆ, ತೋಳಕ್ಕೆ ಮೀಸೆ ಇದ್ದರೇ ಚೆಂದ. ಪುಟ್ಟಿ ಕೆಂಪು ಟೊಪ್ಪಿಯ ಹುಡುಗಿ.

ಈ ಊರಲ್ಲಿ ಇದು ಹುಚ್ಚಲ್ಲ ಅಮ್ಮ. ಆ ಕಥೆಗಳನ್ನೆಲ್ಲ ಕೂಡಿಹಾಕಿದ ಗ್ರಿಮ್ ಅಣ್ಣತಮ್ಮ ಇದ್ದದ್ದು ಇದೇ ಊರಲ್ಲಿ. ಅವರ ಮೊದಲ ಪುಸ್ತಕ 1812ರಲ್ಲಿ ಬಂತು. ಕ್ರಿಸ್ಮಸ್ ಸಂತೆಗೂ ಇಲ್ಲಿ ಕಥೆಗಳದ್ದೇ ಹೆಸರು. ಅವರಿಗೆ ಸುಮಾರು ನಲವತ್ತು ಕಥೆ ಹೇಳಿದವಳು ಡೊರೊಥಿಯಾ ಫೀಮನ್ ಅಂತ, ಇಲ್ಲೇ ಪಕ್ಕದ ಊರಿನವಳು, ಮನೆಯ ಹಿತ್ತಲಲ್ಲಿ ಬೆಳೆದ ತರಕಾರಿ ತಂದು ಪೇಟೆಯಲ್ಲಿ ಮಾರುತ್ತಿದ್ದಳು. ಇನ್ನೊಂದು ಸಲ ಹೇಳು ಅಂದರೆ ಮಾತು ಬದಲಾಯಿಸದೆ ಹಾಗೇ ಹೇಳುತ್ತಿದ್ದಳಂತೆ. ನಮ್ಮ ದೊಡ್ಡಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವಾಗ ಒಂದು ಮಾತು ಹೆಚ್ಚುಕಮ್ಮಿಯಾದರೆ ನಾವೇ ಗಲಾಟೆ ಮಾಡುತ್ತಿದ್ದೆವಲ್ಲ, ಅದು ನೆನಪಾಯಿತು.

ಬಂದವರು ಪುಟ್ಟಿಯ ಸ್ಕೂಲಿನ ಇಬ್ಬರು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಇವರ ಆಫೀಸಿನ ಒಬ್ಬರು, ಕೆಳಗಿನ ಮನೆಯ ಅಜ್ಜಿ. ಆರೂವರೆಗೆ ಬನ್ನಿ ಅಂದಿದ್ದೆ. ಆರೂ ಇಪ್ಪತ್ತೈದಕ್ಕೆ ಕಿಟಕಿಯಿಂದ ನೋಡಿದರೆ ಎಲ್ಲರೂ ಚಳಿಯಲ್ಲಿ ಗೇಟಿನ ಹೊರಗೆ ನಿಂತಿದ್ದಾರೆ, ಆರೂವರೆ ಆಗಲಿ ಅಂತ! ನಮ್ಮಲ್ಲಾದರೆ ಆಗಿನ್ನೂ ಸ್ನಾನಕ್ಕೆ ಹೋಗಿರುತ್ತಾರೆ. ಅಜ್ಜಿ ಮನೆಯೊಳಗೆ ಹಾಕಿಕೊಳ್ಳೋಕೆ ಚೀಲದಲ್ಲಿ ತನ್ನದೇ ಉಣ್ಣೆ ಚಪ್ಪಲಿ ತಂದಿದ್ದರು. ಈ ಚಪ್ಪಲಿ ವಿಷಯಕ್ಕೆ ಆಮೇಲೆ ಬರುತ್ತೇನೆ, ಮರೆಯಬೇಡ.

ಮೊದಲಿಗೆ ರಾಪುಂಜೆಲ್. ಉದ್ದ ಜಡೆಯ ಹುಡುಗಿ ಅಂತಷ್ಟೇ ನನಗೆ ಗೊತ್ತಿತ್ತು, ಇಲ್ಲಿಗೆ ಬಂದ ಮೇಲೆ ನೋಡಿದರೆ ಅದೊಂದು ಸೊಪ್ಪಿನ ಹೆಸರು. ಬಸುರಿಗೆ ಬಯಕೆ, ಪಕ್ಕದ ಹಿತ್ತಲಿನ ಸೊಪ್ಪೇ ಬೇಕು, ಗಂಡ ಬೇಲಿ ಹಾರಿ ಕದ್ದು ತಂದ, ಹಿತ್ತಲು ಮಾಟಗಾತಿಯದ್ದು, ಅವಳು ಮಗುವನ್ನೇ ಕೇಳಿದಳು. ನೀನು ನನ್ನನ್ನು ಹೊತ್ತಾಗ ಭಟ್ಟರ ಮನೆ ಅಪ್ಪೆಮಿಡಿಗೆ ಅಪ್ಪಯ್ಯನನ್ನು ಓಡಿಸಿದ್ದೆಯಲ್ಲ, ಅದನ್ನೂ ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಪ್ಪು ಪುಟ್ಟ ಚಮಚದ ಹಾಗಿರುತ್ತದೆ, ಹಸಿಯಾಗೇ ತಿನ್ನುವುದು. ನಾನು ಮೇಲೊಂದು ಒಗ್ಗರಣೆ ಹಾಕಿದೆ.

ಸಿಂಡ್ರೆಲಾ ಹೆಸರಲ್ಲಿ ಸಿಹಿಗುಂಬಳದ ಹುಳಿ ಮಾಡಿದ್ದೆ, ರಥ ಕುಂಬಳಕಾಯಿಯದ್ದಲ್ಲವಾ ಅಂತ. ಅಜ್ಜಿ ಒಂದು ಚಮಚ ಬಾಯಿಗಿಟ್ಟು, ತುಂಬ ರುಚಿ, ಆದರೆ ಕುಂಬಳಕಾಯಿ ಫ್ರೆಂಚರ ಕಥೆಯಲ್ಲಿ ಬರುವುದು, ನಮ್ಮದರಲ್ಲಿ ಇಲ್ಲ ಅಂದರು. ಗಾಜಿನ ಚಪ್ಪಲಿಯೂ ಇಲ್ಲವಂತೆ, ಚಿನ್ನದ್ದಂತೆ. ಹುಳಿ ಮಾತ್ರ ಎರಡು ಸಲ ಹಾಕಿಸಿಕೊಂಡರು. ಹ್ಯಾನ್ಸೆಲ್ ಗ್ರೆಟೆಲ್ ಕಥೆಯ ಬಿಸ್ಕತ್ತಿನ ಮನೆಯ ಪಾಡು ಕೇಳಬೇಡ. ಶುಂಠಿ, ಲವಂಗ, ಜೇನುತುಪ್ಪ ಹಾಕಿ ಗೋಡೆ, ಮಾಡು ಎಲ್ಲ ಬೇಯಿಸಿದ್ದೆ. ಇಲ್ಲಿಯವರು ಮೊಟ್ಟೆಯ ಬಿಳಿಯಲ್ಲಿ ಅಂಟಿಸುತ್ತಾರೆ, ನಾನು ಎರಡೆಳೆ ಪಾಕದಲ್ಲಿ ಅಂಟಿಸಿದೆ. ಊಟದ ಮಧ್ಯೆ ಮಾಡು ನಿಧಾನಕ್ಕೆ ಜಾರಿ ಇವರ ತಟ್ಟೆಗೆ ಬಂತು, ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆ ಹೆಂಚು ಜಾರಿದ ಹಾಗೆ.

ಆಮೇಲೆ ಅಜ್ಜಿ, ನಿಮ್ಮ ಸಿಂಡ್ರೆಲಾ ಸರಿಯಿಲ್ಲ, ನಾನು ಹೇಳುತ್ತೇನೆ ಅಂತ ಶುರು ಮಾಡಿದರು. ಪುಸ್ತಕ ಇಲ್ಲ, ಏನಿಲ್ಲ. ರಾಜಕುಮಾರ ಚಪ್ಪಲಿ ಹಿಡಿದು ಮನೆಗೆ ಬರುತ್ತಾನೆ. ಮಲತಾಯಿಯ ದೊಡ್ಡ ಮಗಳ ಹೆಬ್ಬೆರಳು ಒಳಗೆ ಹೋಗುವುದಿಲ್ಲ. ಅವಳಮ್ಮ ಚಾಕು ಕೊಟ್ಟು, ಬೆರಳು ಕತ್ತರಿಸಿಕೋ, ರಾಣಿಯಾದ ಮೇಲೆ ನಡೆಯುವ ಕೆಲಸ ಎಲ್ಲಿದೆ ಅನ್ನುತ್ತಾಳೆ. ಅವಳು ಕತ್ತರಿಸಿಕೊಂಡು, ನೋವು ನುಂಗಿ, ಕುದುರೆ ಹತ್ತುತ್ತಾಳೆ. ದಾರಿಯಲ್ಲಿ ಎರಡು ಪಾರಿವಾಳ, ನೋಡು ನೋಡು, ಚಪ್ಪಲಿ ತುಂಬ ರಕ್ತ ಅಂತ ಹಾಡುತ್ತವೆ. ಅಜ್ಜಿ ಅದನ್ನು ಪಾರಿವಾಳದ ದನಿಯಲ್ಲೇ ಹಾಡಿದರು. ಮಕ್ಕಳಿಗೆ ಭಾರೀ ಖುಷಿ.

ಆ ಮಧ್ಯಾಹ್ನವಷ್ಟೇ ನಿನ್ನ ಕಾಗದ ಓದಿದ್ದೆ. "ಇನ್ನೂ ತಡ ಮಾಡಿದರೆ ಬೆರಳು ತೆಗೆಯಬೇಕಾಗಬಹುದು ಎಂದರು ಡಾಕ್ಟರು" ಅಂತ ನೀನು ಬರೆದ ಸಾಲು. ಪಾಯಸ ನೋಡಿ ಬರುತ್ತೇನೆ ಅಂತ ಎದ್ದು ಒಳಗೆ ಹೋದೆ. ಕಾಗದ ಅಕ್ಕಿ ಡಬ್ಬಿಯ ಮೇಲಿತ್ತು. ಅದನ್ನೇ ಮತ್ತೆ ಓದುತ್ತಾ ನಿಂತೆ. ಅದು ಬರಗಿನ ಪಾಯಸ. ಇಲ್ಲಿ ಒಂದು ಮಡಕೆಯ ಕಥೆ ಇದೆ, ಬೇಯಿಸು ಅಂದರೆ ಸಿಹಿ ಗಂಜಿ ಬೇಯಿಸುತ್ತದೆ, ಒಂದು ದಿನ ತಾಯಿಗೆ ನಿಲ್ಲಿಸುವ ಮಾತು ಗೊತ್ತಾಗದೆ ಗಂಜಿ ಉಕ್ಕಿ ಬೀದಿಯೆಲ್ಲ ತುಂಬುತ್ತದೆ, ಅದಕ್ಕೆ ಅಂತ ಮಾಡಿದ್ದು. ನಾನು ಓದುತ್ತಿದ್ದ ಹಾಗೇ ಪಾಯಸ ಉಕ್ಕಿ ಒಲೆಯಿಂದ ನೆಲಕ್ಕೆ ಇಳಿಯಿತು. ಮಕ್ಕಳು ಓಡಿ ಬಂದು ನೋಡಿ ಚಪ್ಪಾಳೆ ತಟ್ಟಿದರು, ಬೇಕಂತಲೇ ಮಾಡಿದೆ ಅಂದುಕೊಂಡು. ನಾನೂ ಹೌದು ಅಂದೆ. ತಳ ಹಿಡಿದಿತ್ತು, ಆದರೂ ಪಾತ್ರೆ ಖಾಲಿಯಾಯಿತು.

ಅಪ್ಪಯ್ಯ "ನೋವೇ ಇಲ್ಲ, ಯಾಕೆ ಗಾಬರಿ" ಅನ್ನುತ್ತಾರೆ ಅಂತ ಬರೆದಿದ್ದೀಯ. ಅದೇ ತೊಂದರೆ ಅಮ್ಮ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ನರ ಸತ್ತು ಕಾಲಿಗೆ ಗೊತ್ತೇ ಆಗುವುದಿಲ್ಲ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಸುಟ್ಟರೂ ಗೊತ್ತಾಗಲ್ಲ. ಚಳಿಗೆ ಬಚ್ಚಲ ಒಲೆ ಮುಂದೆ ಕೂತು ಕಾಲು ಕಾಯಿಸುವುದು ಇವತ್ತಿನಿಂದ ಬಂದ್. ಅರಿಶಿನ, ಕೊಬ್ಬರಿ ಎಣ್ಣೆ, ಸುಣ್ಣ ಏನೂ ಗಾಯಕ್ಕೆ ಹಚ್ಚಬೇಡಿ. ಆಣಿಯನ್ನು ಬ್ಲೇಡಿನಲ್ಲಿ ಕೆತ್ತಿಕೊಳ್ಳುವ ಚಟ ಇದೆಯಲ್ಲ, ಬ್ಲೇಡನ್ನೇ ಬಚ್ಚಿಡು. ಸೀನ ಗುರುವಾರ ರಜೆ ಹಾಕಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಾನೆ, ಮಾತಾಡಿದ್ದೇನೆ. ಕಾಲಿನ ರಕ್ತ ಓಡಾಟ ನೋಡಲಿ, ಮೂರು ತಿಂಗಳ ಸಕ್ಕರೆ ಲೆಕ್ಕ ತೋರಿಸುವ ಪರೀಕ್ಷೆಯನ್ನೂ ಮಾಡಿಸಲಿ. ಕೊನೆ ಕೊಯ್ಲು ಮುಗಿಯಲಿ ಅಂದರೆ ಕೇಳಬೇಡ. ಅಡಿಕೆ ಮರದಲ್ಲೇ ಇರಲಿ, ಉದುರಿದರೆ ಉದುರಲಿ.

ಈಗ ಚಪ್ಪಲಿ. ಸಕ್ಕರೆ ಕಾಯಿಲೆಯವರಿಗೆ ಅಂತಲೇ ಎಂಸಿಆರ್ ಅಂತ ಮೆತ್ತಗಿನ ರಬ್ಬರಿನ ಚಪ್ಪಲಿ ಸಿಗುತ್ತದೆ, ಡಾಕ್ಟರನ್ನು ಕೇಳಿ ಸೀನ ಎರಡು ಜೊತೆ ತರುತ್ತಾನೆ. ಒಂದು ಹೊರಗೆ, ಒಂದು ಮನೆಯೊಳಗೆ. ಹೌದು, ಒಳಗೆ. ನೀನು ಮುಖ ಸಿಂಡರಿಸಬೇಡ. ದೇವರ ಮನೆ ಒಂದು ಬಿಟ್ಟು ಉಳಿದ ಕಡೆ ಹಾಕಿಕೊಳ್ಳಲಿ. ಮಡಿ ಆಮೇಲೆ ನೋಡೋಣ. ಬರಿಗಾಲಲ್ಲಿ ತೋಟಕ್ಕೆ ಇಳಿದರೆ ನಾನು ಊರಿಗೆ ಬರುವುದೇ ಇಲ್ಲ ಅಂತ ಹೇಳು.

ಸೀನನ ಅಕೌಂಟಿಗೆ ನಲವತ್ತು ಸಾವಿರ ಹಾಕಿದ್ದೇನೆ. ನಮಗೇನೂ ಕಷ್ಟ ಇಲ್ಲ, ಊಟಕ್ಕೂ ಜಾಸ್ತಿ ಖರ್ಚಾಗಲಿಲ್ಲ, ಎಲ್ಲ ಮನೆಯಲ್ಲೇ ಮಾಡಿದ್ದು. ಅಪ್ಪಯ್ಯನಿಗೆ ಹಣದ ವಿಷಯ ಹೇಳಬೇಡ. ಈಗಲೇ ಹಿಡಿದಿದ್ದರಿಂದ ಎಲ್ಲ ಸರಿಹೋಗುತ್ತದೆ, ಬೆರಳಿಗೆ ಏನೂ ಆಗುವುದಿಲ್ಲ, ನೀನು ನಿದ್ದೆ ಕೆಡಬೇಡ. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಬೇಕಾದರೆ ಜನವರಿಯಲ್ಲಿ ಬಂದುಬಿಡುತ್ತೇನೆ, ಇವರು ಟಿಕೆಟ್ ನೋಡುತ್ತಿದ್ದಾರೆ, ಸುಮ್ನೆ ನೋಡುತ್ತಿದ್ದಾರೆ ಅಷ್ಟೇ, ಅದಕ್ಕೆ ಗಾಬರಿಯಾಗಬೇಡ.

ಸಾಕು, ಕೆಳಗೆ ಬಟ್ಟೆ ಮಷೀನಿನ ಸರದಿ ನಮ್ಮದು, ಹತ್ತು ಗಂಟೆ ಮೇಲೆ ಸದ್ದು ಮಾಡುವ ಹಾಗಿಲ್ಲ ಇಲ್ಲಿ. ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ
ಸುಮಾ

ನಾಳೆ ಅಪ್ಪಯ್ಯ ಮಧ್ಯಾಹ್ನ ಮಲಗಿದಾಗ ಸೀನನ ಕೈಲಿ ಕಾಲಿನ ಫೋಟೋ ತೆಗೆಸಿ ಕಳಿಸು. ಅಡಿಯ ಕಡೆಯಿಂದ, ಜಗಲಿಯ ಬೆಳಕಿನಲ್ಲಿ. ಹಿಂದಿನ ಸಲ ಸೀನ ಕಳಿಸಿದ್ದರಲ್ಲಿ ಬರೀ ಚಾಪೆ ಕಾಣುತ್ತಿತ್ತು.