ಲೈಪ್‌ಜಿಗ್‌ನಿಂದ ಅಪ್ಪ ಅವ್ವಗ: ನೋಡಿದ ಸಿನಿಮಾದ ಸುದ್ದಿ

ಲೈಪ್‌ಜಿಗ್, ಜರ್ಮನಿ
ನವೆಂಬರ್, ಐತವಾರ

ತೀರ್ಥರೂಪ ಅಪ್ಪ ಅವ್ವಗ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರ. ಆಯಿಗಿ ಶರಣು, ತಮ್ಮಗ ಆಶೀರ್ವಾದ. ನಾ ಇಲ್ಲಿ ಆರಾಮ ಇದ್ದೀನಿ. ಕಲಬುರಗಿಯಾಗ ನೀವೆಲ್ಲಾರೂ ಆರಾಮ ಇದ್ದೀರಿ ಅಂತ ತಿಳಕೊಂಡೀನಿ.

ದಿನಾ ಫೋನ್ ಮಾಡ್ತಿ, ಮತ್ತ ಪತ್ರ ಯಾಕ ಅಂತ ಅವ್ವ ಕೇಳೇ ಕೇಳ್ತಾಳ. ಫೋನಿನ್ಯಾಗ ಉಂಡಿ ಏನು, ಥಂಡಿ ಎಷ್ಟದ, ರೊಕ್ಕ ಮುಟ್ಟಿತೇನು, ಇಷ್ಟರಾಗೇ ಮುಗದುಹೋಗ್ತದವ್ವ. ಅಲ್ಲಿ ಎಂಥಾ ಸಿನಿಮಾ ನೋಡ್ತಿ ಅಂತ ಅಪ್ಪ ಕೇಳಿದ್ರು, ಅಷ್ಟರಾಗ ನನಗ ಡ್ಯೂಟಿ ಹೊತ್ತಾಯ್ತು. ಇವತ್ತು ಸೂಟಿ ಅದ, ಹೊರಗ ಮಳಿ ಹಿಡದದ, ಕುಂತು ಬರೀಲತ್ತೀನಿ.

ಅಪ್ಪಾ, ನಾ ಇಲ್ಲಿ ಹೆಚ್ಚಿಗಿ ನೋಡೋದು ಡಾಕ್ಯುಮೆಂಟರಿ. ನಗಬ್ಯಾಡ್ರಿ. ನಿಮಗ ಡಾಕ್ಯುಮೆಂಟರಿ ಅಂದ್ರ ಟಾಕೀಜಿನ್ಯಾಗ ಸಿನಿಮಾ ಶುರು ಆಗೋಕಿಂತ ಮೊದಲು ಬರ್ತಿದ್ದ ಫಿಲ್ಮ್ಸ್ ಡಿವಿಜನ್ ರೀಲು. ಎಲ್ಲೋ ಹೊಳಿ ಬಂದದ, ಯಾರೋ ಮಂತ್ರಿ ರಿಬ್ಬನ್ ಕತ್ತರಸ್ಲತ್ತಾರ, ಹಿಂದ ಒಬ್ಬ ಗಡುಸು ದನಿಯಾಗ ಹೇಳಕೋತ ಹೋಗ್ತಾನ. ಆ ಹೊತ್ತಿನ್ಯಾಗ ಎಲಿ ಅಡಕಿ ತರಲಿಕ್ಕ ಹೊರಗ ಹೋಗ್ತಿದ್ದೆ ಅಂತ ನೀವೇ ಹೇಳೀರಿ. ಇಲ್ಲಿ ಆ ರೀಲೇ ಜಾತ್ರಿ. 1955ರಾಗ ಪೂರ್ವ ಜರ್ಮನಿ ಇದ್ದಾಗ ಶುರು ಆದ ಡಾಕ್ ಲೈಪ್‌ಜಿಗ್ ಅನ್ನೋ ಉತ್ಸವ ಅದ, ದೀಪಾವಳಿ ಆಸುಪಾಸಿಗಿ ಬರ್ತದ. ರೈಲ್ವೆ ಸ್ಟೇಷನ್ ಒಳಗೂ ಪರದಾ ಕಟ್ಟಿ ಫುಕಟ ತೋರಸ್ತಾರ. ಗಾಡಿ ಹಿಡೀಬೇಕಾದವ್ರು ಪೆಟ್ಟಿಗಿ ಬಾಜೂಕ ಇಟ್ಟು ನಿಂತು ನೋಡ್ತಾರ, ಹೊತ್ತಾದ ಕೂಡ್ಲೇ ಹೋಗ್ತಾರ. ಟಾಕೀಜಿನ್ಯಾಗ ಮಾತ್ರ ಮಂದಿ ಭಾಳ ಶಿಸ್ತು. ಸೀಟಿ ಇಲ್ಲ, ಚಿಲ್ಲರ ತೂರೋದಿಲ್ಲ. ಮುಗದ ಮ್ಯಾಲ ಲೈಟ್ ಹಿಡದವ್ರ ಹೆಸರು, ಚಹಾ ಕೊಟ್ಟವ್ರ ಹೆಸರು ಎಲ್ಲಾ ಹೋಗೋತನಕ ಯಾರೂ ಏಳೋದಿಲ್ಲ. ಮೊದಮೊದಲು ನನಗ ದಮ್ಮು ಕಟ್ಟಿದಂಗ ಆಗ್ತಿತ್ತು.

ನಾ ಕೆಲಸ ಮಾಡೋ ಮುದುಕರ ಆರೈಕಿ ಮನ್ಯಾಗ ಒಬ್ಬ ಅಜ್ಜಿ ಇದ್ದಾರ. ನಾ ಇಂಡಿಯಾದಾಕಿ ಅಂತ ಗೊತ್ತಾದ ಕೂಡ್ಲೇ ಶಾರುಖ್ ಖಾನ್ ಅಂದ್ರು! 2004ರಿಂದ ಇಲ್ಲಿಯ ಒಂದು ಟಿವಿ ಚಾನೆಲ್ ಹಿಂದಿ ಸಿನಿಮಾಕ್ಕ ಜರ್ಮನ್ ಮಾತು ಕೂಡಿಸಿ ತೋರಿಸ್ತಂತ. ಇಲ್ಲಿಯ ಮಂದಿ ಹೊರದೇಶದ ಸಿನಿಮಾ ಹೆಚ್ಚಾಗಿ ಹಿಂಗೇ ನೋಡ್ತಾರ, ಅಮೇರಿಕಾದ ಒಬ್ಬೊಬ್ಬ ಹೀರೋಗ ವರ್ಷಾನುಗಟ್ಲೆ ಒಬ್ಬನೇ ದನಿ ಕೊಡ್ತಾನ. ನಮ್ಮಲ್ಲಿ ಡಬ್ಬಿಂಗ್ ಅಂದ್ರ ಎಷ್ಟು ವರ್ಷ ಗದ್ದಲ ಆಯ್ತು ನೆನಪದ ಅಲ್ರಿ? ಆದ್ರ ಶಾರುಖ್ ಖಾನ್ ಜರ್ಮನ್‌ನಾಗ ಅಳೋದು ಕೇಳಿದ್ರ ಬ್ಯಾಂಕಿನ ಮ್ಯಾನೇಜರ್ ಸಾಲಕ್ಕ ನೋಟೀಸ್ ಓದ್ಲತ್ತಾನ ಅನ್ನಿಸ್ತದ. ಅಜ್ಜಿಗಿ ಹೇಳಿಲ್ಲ.

ಈಗ ಖರೆ ಸುದ್ದಿಗಿ ಬರ್ತೀನಿ. ನೋಡಿದ್ರಾಗ ನನಗ ಎಲ್ಲಕ್ಕಿಂತ ಹತ್ತಿದ್ದು ‘ಹನಿಲ್ಯಾಂಡ್’. 2019ರದ್ದು, ಉತ್ತರ ಮ್ಯಾಸಿಡೋನಿಯಾ ಅನ್ನೋ ಸಣ್ಣ ದೇಶದ್ದು. ಹಟಿಜೆ ಅಂತ ಒಬ್ಬ ಹೆಣ್ಣುಮಗಳು, ಮದಿವಿ ಆಗಿಲ್ಲ. ಮಂದಿ ಬಿಟ್ಟುಹೋದ ಹಳ್ಳ್ಯಾಗ ಹಾಸಿಗಿ ಹಿಡಿದ ತಾಯಿ ಜೋಡಿ ಇರ್ತಾಳ. ಕರೆಂಟ್ ಇಲ್ಲ, ರಸ್ತಾ ಇಲ್ಲ. ಗುಡ್ಡದ ಕಲ್ಲಿನ ಸಂದ್ಯಾಗ ಜೇನು ಕಟ್ಟಿರ್ತದ, ಬರಿಗೈಲೇ ಕಲ್ಲು ಸರಸಿ ಜೇನುಹುಟ್ಟು ಬಿಡಸ್ತಾಳ. ಅರ್ಧ ತಗೋತಾಳ, ಅರ್ಧ ಹುಳಕ್ಕ ಬಿಡ್ತಾಳ. ಪ್ಯಾಟಿಗಿ ಹೋಗಿ ಜೇನು ಮಾರಿ ಬರೋವಾಗ ತಲಿಗಿ ಹಚ್ಚಲಿಕ್ಕ ಬಣ್ಣ ತರ್ತಾಳ, ಅದನ್ನ ನೋಡಿ ನನಗ ನಗಿ ಬಂತು. ಅಂಥಾ ಊರಾಗ ಯಾರು ನೋಡಬೇಕು? ತಾನೇ ನೋಡಕೋಬೇಕು, ಅಷ್ಟೇ.

ಅಷ್ಟರಾಗ ಬಾಜೂಕ ಒಂದು ಸಂಸಾರ ಬಂದು ಇಳೀತದ. ಏಳು ಮಕ್ಕಳು, ದನಕರು, ಬರೇ ಗದ್ದಲ. ಹಟಿಜೆನೇ ಆ ಮನಿಯವಗ ಜೇನಿನ ಕೆಲಸ ಕಲಸ್ತಾಳ. ಒಬ್ಬ ವ್ಯಾಪಾರಿ ಬಂದು ಇನ್ನೂ ಬೇಕು, ಇನ್ನೂ ಬೇಕು ಅಂತ ಬೆನ್ನು ಹತ್ತತಾನ. ಬಾಜೂ ಮನಿಯವ ಪೂರಾ ಬಳದು ಕೊಡ್ತಾನ. ಉಣ್ಣಲಿಕ್ಕ ಇಲ್ಲದ ಅವನ ಹುಳ ಹಟಿಜೆಯ ಹುಳಕ್ಕ ಮುಕರಿ ಕೊಂದು ಹಾಕ್ತಾವ. ಆ ವ್ಯಾಪಾರಿ ಮಾತಾಡೋ ಧಾಟಿ ಕೇಳಿದ್ರ ನಮ್ಮ ಗಂಜಿನ ಅಡತಿ ಅಂಗಡಿ ಮುಂದ ನಿಂತಂಗ ಆಯ್ತಪ್ಪಾ. ಬಿತ್ತೋವಾಗ ರೊಕ್ಕ ಕೊಟ್ಟವ ರಾಶಿ ಆಗೋಕಿಂತ ಮೊದಲೇ ಎಷ್ಟು ಚೀಲ ಅಂತ ಕೇಳ್ತಾನಲ್ಲ, ಅದೇ ಧಾಟಿ. ಆದ್ರ ಸಿನಿಮಾದವ್ರು ಆ ಬಾಜೂ ಮನಿಯವನ್ನ ಖಳನಾಯಕ ಮಾಡಿಲ್ಲ. ಏಳು ಮಕ್ಕಳ ಹೊಟ್ಟಿನೂ ಕಾಣಸ್ತದ. ಅವನ ಒಬ್ಬ ಮಗ ಹಟಿಜೆ ಕಡಿ ಮಾತಾಡಿ ಅಪ್ಪನ ಜೋಡಿ ಜಗಳಾಡ್ತಾನ, ಆ ಹುಡುಗನ್ನ ನೀವು ನೋಡಬೇಕು.

ಇಡೀ ಸಿನಿಮಾದಾಗ ಹಿಂದ ಕುಂತು ಹೇಳೋ ದನಿ ಇಲ್ಲ. ಮೂರು ವರ್ಷ ಅಲ್ಲೇ ಹೋಗಿ ಬಂದು ಮಾಡಿ, 400 ತಾಸಿಗಿ ಮ್ಯಾಲ ಚಿತ್ರ ತೆಗದಿದ್ರಂತ. ಅವರು ಆಡೋದು ಹಳೇ ತುರ್ಕಿ ಮಾತು, ತೆಗೆದವ್ರಿಗಿ ಅದು ಬರೂದಿಲ್ಲ, ಅದಕ್ಕ ಮೊದಲು ಬರೇ ಚಿತ್ರ ನೋಡೇ ಜೋಡಿಸ್ಯಾರ. ಅದಕ್ಕೇ ಇರಬೇಕು, ಕೈ ಏನು ಮಾಡ್ಲತ್ತಾವ ಅನ್ನೋದು ಅಷ್ಟು ಚಂದ ಕಾಣಸ್ತದ. ಆಸ್ಕರ್‌ದಾಗ ಎರಡು ವಿಭಾಗಕ್ಕ ಹೆಸರು ಬಂದಿತ್ತು, ಎರಡೂ ಸಿಗಲಿಲ್ಲ.

ಇನ್ನೊಂದು ‘ಪರ್ಫೆಕ್ಟ್ ಡೇಸ್’. ಇದು ಕಥಿ ಸಿನಿಮಾ, ವಿಮ್ ವೆಂಡರ್ಸ್ ಅನ್ನೋ ಜರ್ಮನ್ ನಿರ್ದೇಶಕ ಜಪಾನಿನ್ಯಾಗ ತೆಗದಿದ್ದು. ಟೋಕಿಯೊದಾಗ ಸಾರ್ವಜನಿಕ ಪಾಯಖಾನಿ ತೊಳಿಯೋ ಒಬ್ಬನ ದಿನಚರಿ. ಕೋಜಿ ಯಾಕುಶೊ ಅನ್ನೋ ನಟಗ ಇದಕ್ಕೇ 2023ರಾಗ ಫ್ರಾನ್ಸಿನ ಕಾನ್ ಸಿನಿಮಾ ಉತ್ಸವದಾಗ ಬಹುಮಾನ ಬಂತು, ಬರಬೇಕಾದ್ದೇ. ಸಣ್ಣ ಕನ್ನಡಿ ಹಿಡದು ಬೇಸಿನ್ ಕೆಳಗಿನ ಅಂಚು ನೋಡಿ ತಿಕ್ಕತಾನ, ಯಾರೂ ನೋಡಲಾರದ ಜಾಗ. ಅಲ್ಲಿ ನಾ ಅವಗ ಕೈ ಮುಗದೆ. ಇಲ್ಲಿಯ ಗೆಳತ್ಯಾರೆಲ್ಲಾ ನೋಡಿ ಮನಸು ಹಗುರ ಆಯ್ತು ಅಂದ್ರು. ನನಗೇನೋ ಪೂರಾ ಇಳೀಲಿಲ್ಲ. ಎರಡು ತಾಸಿನ ಸಿನಿಮಾದಾಗ ಖರೆ ಹೊಲಸಾದ ಪಾಯಖಾನಿ ಒಂದೂ ಕಣ್ಣಿಗಿ ಬೀಳಲಿಲ್ಲ! ಅವು ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಕಟ್ಟಿದ 17 ಪಾಯಖಾನಿಯ ಯೋಜನೆದ್ದು, ಅದನ್ನ ನಡಸೋರೇ ನಿರ್ದೇಶಕನ್ನ ಕರದಿದ್ರಂತ. ದಿನಾ ಬೆಡ್‌ಪ್ಯಾನ್ ತೊಳಿಯೋಳು ನಾನು, ವಾಸ್ನಿ ಇಲ್ಲದ ಪಾಯಖಾನಿ ನಂಬು ಅಂದ್ರ ಯಾಂಗ ನಂಬಲಿ?

ಅದರ ಮರುವಾರ ಯೂಟ್ಯೂಬಿನ್ಯಾಗ ತಮಿಳಿನ ‘ಕಕ್ಕೂಸ್’ ನೋಡಿದೆ, ದಿವ್ಯಾ ಭಾರತಿ ಅನ್ನೋ ಹೆಣ್ಣುಮಗಳು 2017ರಾಗ ತೆಗದಿದ್ದು. ಮಲ ಬಳಿಯೋ ಮಂದಿ ಬಗ್ಗೆ. ಕೈಯಿಂದ ಮಲ ಬಳಿಸಬಾರದು ಅಂತ 2013ರಾಗ ಕಾಯ್ದೆ ಬಂದದ, ಇವರು ಕ್ಯಾಮೆರಾ ಮುಂದ ಬರಿಗೈಲೇ ಬಳೀಲತ್ತಾರ. ಅದರಾಗ ಚಂದ ಅನ್ನೋದು ಏನೂ ಇಲ್ಲ, ಅವಸರದಾಗ ತೆಗದಂಗ ಅದ. ಒಂದೇ ಕುಂತಕ್ಕ ನೋಡಲಿಕ್ಕ ಆಗಲಿಲ್ಲ. ಆದ್ರ ಯಾವುದು ತೂಕ ಅಂದ್ರ ನಾ ಇದನ್ನೇ ಅಂತೀನಿ. ಅವ್ವಾ, ನೀ ಊಟದ ಹೊತ್ತಿಗಿ ನೋಡಬ್ಯಾಡ.

ಈಗೀಗ ನಂದು ಹಿಂಗೇ ಆಗ್ಯಾದ, ಮೊದಲು ಕೆಲಸ ಖರೆ ಅದ ಇಲ್ಲೋ ನೋಡ್ತೀನಿ. ನಮ್ಮ ಸಿನಿಮಾದಾಗ ನರ್ಸ್ ಬರೋದು ಎರಡಕ್ಕೇ: ಸಲಾಯಿನ್ ಬಾಟ್ಲಿ ಮುಟ್ಟೋದು, ಡಾಕ್ಟರ್ ಅಂತ ಒದರಿ ಓಡೋದು. ನಾ ಇಲ್ಲಿ ತನಕ ಹಂಗ ಒಂದು ಸಲನೂ ಓಡಿಲ್ಲ. ಮತ್ತ ರೊಟ್ಟಿ! ಹೀರೋನ ತಾಯಿ ಮೂರು ಸಲ ಪಟಪಟ ಬಡೀತಾಳ, ಮುಂದಿನ ಚಿತ್ರದಾಗ ಬುಟ್ಟಿ ತುಂಬ ರೊಟ್ಟಿ. ಎಸರು ಹೊಯ್ದು ಹಿಟ್ಟು ನಾದೋದು, ಅಂಚು ಹರೀಲಾರದಂಗ ತಿರಿವಿ ತಿರಿವಿ ಬಡಿಯೋದು, ಹಂಚಿನ ಮ್ಯಾಲ ಹಾಕಿ ಅರಬಿ ತುಣುಕಿನಿಂದ ನೀರು ಸವರೋದು, ಬಳಿ ಮ್ಯಾಲ ಸರಿಸಿಕೊಳ್ಳೋದು, ಹೊಗಿಗಿ ಕಣ್ಣು ಸಣ್ಣ ಮಾಡೋದು, ಇದನ್ನ ಒಂದೇ ಉಸುರಿಗಿ, ಕತ್ತರಿ ಹಾಕಲಾರದೇ ತೋರಿಸಿದ್ದು ನಾ ನೋಡೇ ಇಲ್ಲ. ಎರಡು ನಿಮಿಷದ ಕೆಲಸ. ಹೀರೋ ನಡಕೊಂಡು ಬರೋದಕ್ಕ ಅದಕ್ಕಿಂತ ಹೆಚ್ಚು ಹೊತ್ತು ಕೊಡ್ತಾರ.

‘ತಿಥಿ’ ಇಲ್ಲಿ ಒಬ್ಬಾಕಿ ಜರ್ಮನ್ ನರ್ಸ್‌ಗಿ ತೋರಿಸಿದೆ. ಮಂಡ್ಯ ಕಡೀದು, ರಾಮ್ ರೆಡ್ಡಿ ನಿರ್ದೇಶಕ, 2015ರಾಗ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಸಿನಿಮಾ ಉತ್ಸವದಾಗ ಬಹುಮಾನ ತಗೊಂಡದ. ನಟರಾಗ ಕಸುಬಿನವ್ರೇ ಇಲ್ಲ, ಹಳ್ಳಿ ಮಂದೀನೇ. ಸೆಂಚುರಿ ಗೌಡ ಸತ್ತಾನ, ಮಗ ಗಡ್ಡಪ್ಪಗ ಅದರ ಚಿಂತೀನೇ ಇಲ್ಲ, ಬ್ರಾಂಡಿ ಹಿಡಕೊಂಡು ಅಡ್ಯಾಡ್ತಾನ. ಆಕಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಎರಡು ಕಡಿ ಸಬ್‌ಟೈಟಲ್ ಓದಿ. ನಗೋದು ಮುಗದ ಮ್ಯಾಲ ಜರ ಹೊಟ್ಟಿಕಿಚ್ಚೂ ಆಯ್ತು. ಎರೇಗೌಡ ಬರದ ಕಥಿ, ಅವ ಆ ಊರಾಗೇ ಆಡಿ ಬೆಳದವ. ನಮ್ಮ ಆಳಂದ, ಜೇವರ್ಗಿ ಮಂದೀದು ಯಾರು ಬರೀಬೇಕು? ನಮ್ಮ ಕಡಿ ಅಂದ್ರ ಬೆಂಗಳೂರಿನ ಸಿನಿಮಾದವ್ರಿಗಿ ಬಿಸಲು, ಬರ, ಇಲ್ಲಾ ಹೀರೋನ ಹಿಂದ ನಿಂತು ನಗಸೋನ ಮಾತು. ಆ ಮಾತೂ ಬರೋಬರಿ ಆಡೋದಿಲ್ಲ, ಎಲ್ಲಾದಕ್ಕೂ ಒಂದು ‘ರೀ’ ಹಚ್ಚಿ ಬಿಡ್ತಾರ.

ಆನಿ ಮರಿ ಸಾಕೋ ಬೊಮ್ಮನ್, ಬೆಳ್ಳಿ ಅವರದ್ದು ‘ದಿ ಎಲಿಫೆಂಟ್ ವಿಸ್ಪರರ್ಸ್’ ನೀವು ನೋಡೇ ಇರ್ತೀರಿ, 2023ರಾಗ ಆಸ್ಕರ್ ಬಂತಲ್ಲ. ಚಂದ ಅದ. ಸಂಗೀತ ಜರ ಕಮ್ಮಿ ಇದ್ರ ಇನ್ನೂ ಚಂದ ಇರ್ತಿತ್ತು.

ತಮ್ಮಾ, ಇದು ನಿನಗ. ಹೊಲದಾಗ ತೊಗರಿ ಹೂವು ಕಾಯಿ ಹಿಡಿಯೋ ಹೊತ್ತು ಇದು. ಔಷಧಕ್ಕೂ ಬಗ್ಗಲಾರದ ಕಾಯಿಕೊರಕಕ್ಕ ಅಪ್ಪ ಗಿಡದ ಬುಡಕ್ಕ ತಾಡಪತ್ರಿ ಹಾಸಿ, ಗಿಡ ಬಗ್ಗಿಸಿ ಜಾಡಸ್ತಾರಲ್ಲ, ಹುಳ ಮಳಿ ಬಿದ್ದಂಗ ಉದುರ್ತಾವಲ್ಲ, ಅದನ್ನ ಮೊಬೈಲಿನ್ಯಾಗ ತೆಗಿ. ಗುಲ್ಬರ್ಗಾ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಈ ಊರಿನ ಬೆಳಿ ಅಂತ ಸರಕಾರ ಕೊಡೋ ಗುರುತು) ಬಂತು ಅಂತ ಪೇಪರಿನ್ಯಾಗ ಚೀಲದ ಫೋಟೋ ಹಾಕಿದ್ರು, ಹುಳ ಆರಿಸೋ ಕೈ ಯಾರೂ ಹಾಕಲಿಲ್ಲ. ಮೊಬೈಲ್ ಅಡ್ಡ ಹಿಡಿ. ಹಾಡು ಹಾಕಬ್ಯಾಡ. ಅಪ್ಪಗ ಕ್ಯಾಮೆರಾ ಕಡಿ ನೋಡ್ರಿ ಅನಬ್ಯಾಡ, ಅವರು ಏನು ಬೈತಾರ ಅದೂ ಇರಲಿ. ಒಂದು ಸಾಲು ಮುಗಿಯೋತನಕ ಬಂದ್ ಮಾಡಬ್ಯಾಡ, ಕೈ ನೋಯ್ತಂದ್ರ ಬದುವಿನ ಮ್ಯಾಲ ಕಲ್ಲಿಗಿ ಆನಿಸಿ ಇಡು. ಇಲ್ಲಿ ಗೆಳತ್ಯಾರಿಗಿ ತೋರಸ್ತೀನಿ, ಖರೆ.

ಶೇಂಗಾ ಹಿಂಡಿ ಮುಟ್ಟದ, ಅರ್ಧ ಆಗಲೇ ಖಾಲಿ. ರೊಕ್ಕ ಈ ವಾರದಾಗ ಹಾಕ್ತೀನಿ, ಅವ್ವನ ಕಣ್ಣಿನ ದವಾಖಾನಿಗಿ ಮೊದಲು ಹೋಗ್ರಿ, ಮನಿ ಬಣ್ಣ ಆಮ್ಯಾಲ.

ನಿಮ್ಮ ಮಗಳು

ತಾ.ಕ.: ಅಪ್ಪಾ, ಹನಿಲ್ಯಾಂಡ್ ಮೊದಲು ನೀವೊಬ್ಬರೇ ನೋಡ್ರಿ. ಅದರಾಗ ಮುದುಕಿ ತಾಯಿ ಸಾಯ್ತಾಳ, ಆಯಿ ಕೂತಿದ್ರ ನನ್ನ ಹೆಸರು ಹಿಡದು ಬೈತಾಳ. ಆಕಿಗಿ ಆನೀದೇ ಹಚ್ಚಿ ಕೊಡ್ರಿ.