ಫೋರ್-ಲೋ ಗೇರ್ ಕಳಚಿಕೊಳ್ಳುವ ದೋಷ ಮತ್ತು ವಾರಂಟಿ ನಿರಾಕರಣೆ ಕುರಿತು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಂಪನಿಯಿಂದ ಕೊಂಡ ಫೋರ್-ವೀಲ್ ಡ್ರೈವ್ ಗಾಡಿಯ ದೋಷದ ಬಗ್ಗೆ ಕರೆ ಮಾಡಿದಾಗ ನಿಮ್ಮ ಸಹಾಯವಾಣಿಯವರು ಪ್ರತಿ ಸಲವೂ ‘ವಿಚಾರಿಸಿ ತಿಳಿಸುತ್ತೇವೆ’ ಎಂದರು; ಒಮ್ಮೆಯೂ ತಿಳಿಸಲಿಲ್ಲ. ಕೊನೆಗೆ ಬಂದದ್ದು ಒಂದೇ ಸಾಲಿನ ಇಮೇಲ್: ‘ಆಫ್-ರೋಡ್ ಬಳಕೆಯಿಂದಾದ ಹಾನಿ, ವಾರಂಟಿ ಅನ್ವಯಿಸುವುದಿಲ್ಲ.’ ಹಾಗಾಗಿ ಈ ಪತ್ರ.

ದೋಷ ಇದು. ಫೋರ್-ಲೋದಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ನಿಧಾನ ವೇಗದ ಗೇರಿನಲ್ಲಿ, ಇಳಿಜಾರು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯ) ಲಿವರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರುತ್ತದೆ. ಸಕಲೇಶಪುರದ ಬಳಿ ಪರಿಚಿತರ ಕಾಫಿ ತೋಟದೊಳಗಿನ ದಾರಿಯಲ್ಲಿ, ಅವರ ಒಪ್ಪಿಗೆ ಪಡೆದೇ ಹೋಗಿದ್ದಾಗ ಹೀಗಾಯಿತು. ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವುದು ಎಂಜಿನ್. ಲಿವರ್ ನ್ಯೂಟ್ರಲ್‌ಗೆ ಬಿದ್ದರೆ ಎಂಜಿನ್ನಿಗೂ ನಾಲ್ಕು ಚಕ್ರಗಳಿಗೂ ನಂಟು ಕಡಿದುಹೋಗುತ್ತದೆ. ಉಳಿಯುವುದು ಬ್ರೇಕ್ ಮಾತ್ರ. ಒದ್ದೆ ಕೆಮ್ಮಣ್ಣಿನ ಮೇಲೆ ಬ್ರೇಕನ್ನೇ ನಂಬಿದರೆ ಗಾಡಿ ಹಿಡಿತ ತಪ್ಪಿ ಜಾರುತ್ತದೆ. ಪಕ್ಕದ ಸೀಟಿನಲ್ಲಿ ನನ್ನ ತಂಗಿ ಇದ್ದಳು. ದಾರಿಯ ಬಲಕ್ಕೆ ಹಳ್ಳವಿತ್ತು.

ಬೆಂಗಳೂರಿನ ನಿಮ್ಮ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನಡೆದದ್ದನ್ನು ಮಾತು ಬಿಡದೆ ಬರೆಯುತ್ತೇನೆ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿದ್ದರು. ಸರ್ವಿಸ್ ಅಡ್ವೈಸರ್ ಚಾಸಿಗೆ ಅಂಟಿದ್ದ ಮಣ್ಣನ್ನು ಪೆನ್ನಿನ ತುದಿಯಿಂದ ಕೆರೆದು, ಕಾಯುತ್ತ ಕುಳಿತಿದ್ದ ಇತರ ಗ್ರಾಹಕರಿಗೂ ಕೇಳುವಂತೆ, ‘ನೋಡಿ, ದುರ್ಬಳಕೆ ಎಂದರೆ ಇದೇ’ ಎಂದರು. ‘ಓಡಿಸಿದ್ದು ಯಾರು, ನಿಮ್ಮ ಯಜಮಾನರೇ?’ ಎಂದು ಕೇಳಿದರು. ನಾನೇ ಎಂದೆ. ‘ಹಾಗೆ ಹೇಳಿ ಮತ್ತೆ’ ಎಂದು ಮೆಕ್ಯಾನಿಕ್ ಕಡೆ ತಿರುಗಿ ನಕ್ಕರು. ಗಾಡಿಯನ್ನು ಪೂರ್ತಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿಯೇ ಲೋ ಹಾಕುತ್ತೇನೆ ಎಂದು ವಿವರಿಸಿದೆ. ‘ಮೇಡಂ, ಮನೆಯಿಂದ ಯಾರಾದರೂ ಗಂಡಸರನ್ನು ಕಳುಹಿಸಿ, ಅವರಿಗಾದರೆ ಅರ್ಥವಾಗುತ್ತದೆ’ ಎಂದರು. ಆಮೇಲೆ, ಹೊಳೆಗೆ ಇಳಿಸಿದ್ದೀರಿ, ನೀರು ಹೊಕ್ಕು ಗೇರು ಹಾಳಾಗಿದೆ ಎಂದರು. ನೀರು ಹೊಕ್ಕಿದ್ದರೆ ಒಳಗಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ, ಡ್ರೈನ್ ಬೋಲ್ಟ್ ಬಿಚ್ಚಿ ನೋಡೋಣ ಎಂದೆ. ಬಿಚ್ಚಲಿಲ್ಲ. ನನ್ನ ಕಣ್ಣೆದುರೇ ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಕೇಂದ್ರದ ದಾಖಲೆ ಹಾಳೆಯಲ್ಲಿ) ‘ಚಾಲಕರ ತಪ್ಪು’ ಎಂದು ಬರೆದು, ಸಹಿ ಹಾಕದಿದ್ದರೆ ಗಾಡಿ ಗೇಟು ದಾಟುವುದಿಲ್ಲ ಎಂದರು. ಸಹಿಯ ಜಾಗದಲ್ಲಿ ‘ಇದನ್ನು ಒಪ್ಪುವುದಿಲ್ಲ’ ಎಂದು ಬರೆದೆ. ಅದರ ಪ್ರತಿ ನನ್ನ ಬಳಿ ಇದೆ.

ನಿಮ್ಮ ವಾರಂಟಿ ಪುಸ್ತಕದಲ್ಲಿ ಏನಿದೆ ಎಂಬುದು ನಿಮಗೆ ಗೊತ್ತು. ಅದು ಹೊರಗಿಟ್ಟಿರುವುದು ರೇಸ್ ಮತ್ತು ರ‍್ಯಾಲಿಗಳನ್ನು, ಮಣ್ಣಿನ ದಾರಿಯನ್ನಲ್ಲ. ಡಾಂಬರಿನ ಮೇಲೆ ಫೋರ್-ವೀಲ್ ಹಾಕಬೇಡಿ ಎಂದು ಎಚ್ಚರಿಸುವುದೂ ನಿಮ್ಮದೇ ಕೈಪಿಡಿ. ಅದು ಸರಿಯೇ. ಸೆಂಟರ್ ಡಿಫರೆನ್ಷಿಯಲ್ (ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲದ ಗಾಡಿಯಲ್ಲಿ ಹಿಂದಿನ ಮುಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಕಟ್ಟುಬೀಳುವುದರಿಂದ ಗಟ್ಟಿ ರಸ್ತೆಯ ತಿರುವುಗಳಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ. ಡಾಂಬರಿನ ಮೇಲೆ ಬಳಸಬಾರದು, ಮಣ್ಣಿನಲ್ಲಿ ಬಳಸಿದರೆ ವಾರಂಟಿ ಇಲ್ಲ ಎನ್ನುವುದಾದರೆ ಆ ಲಿವರನ್ನು ಎಲ್ಲಿ ಬಳಸಬೇಕು? ಜಾಹೀರಾತಿನಲ್ಲಿ ಹೊಳೆ ದಾಟಿಸಿ, ಬಂಡೆ ಹತ್ತಿಸಿ ತೋರಿಸಿದವರು ನೀವು. ಅದಕ್ಕೆಂದೇ ಹೆಚ್ಚಿನ ಬೆಲೆ ಪಡೆದವರೂ ನೀವೇ. ಔಟರ್ ರಿಂಗ್ ರಸ್ತೆಯಲ್ಲಿ ತೆವಳಲು ನಾನು ಈ ಗಾಡಿ ಕೊಳ್ಳಲಿಲ್ಲ.

ಇನ್ನು ನಿಮ್ಮ ಸಹಾಯವಾಣಿಗೆ ಕರೆ ಮಾಡುವುದಿಲ್ಲ. ನಿಮ್ಮ ಮುಖ್ಯ ಕಚೇರಿ ಎಲ್ಲೇ ಇರಲಿ, ನಾನು ವಾಸಿಸುವ ಊರಿನಲ್ಲೇ ದೂರು ದಾಖಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ದೋಷದ ಪರೀಕ್ಷೆಗೆ ಪ್ರಯೋಗಾಲಯದ ವರದಿ ತರಿಸುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ನಾನು ಅದನ್ನೇ ಕೋರುತ್ತೇನೆ. ನೀವು ಬಿಚ್ಚಲು ಒಪ್ಪದ ಬೋಲ್ಟನ್ನು ಅಲ್ಲಿ ಬಿಚ್ಚುತ್ತಾರೆ. ಲಿವರ್ ಜಾರುವ ವಿಡಿಯೊ, ಜಾಬ್ ಕಾರ್ಡ್, ನಿಮ್ಮ ಇಮೇಲ್ ಎಲ್ಲವನ್ನೂ ಲಗತ್ತಿಸುತ್ತೇನೆ. ಅಡ್ವೈಸರ್ ಆಡಿದ ಪ್ರತಿಯೊಂದು ಮಾತನ್ನೂ ಪ್ರಮಾಣಪತ್ರದಲ್ಲಿ ಬರೆಯುತ್ತೇನೆ. ಗಾಡಿಯನ್ನು ಉಚಿತವಾಗಿ ಸರಿಪಡಿಸುತ್ತೇವೆ ಎಂದು ನಾಳೆಯೇ ಫೋನ್ ಮಾಡಿದರೂ ದೂರು ನಿಲ್ಲುವುದಿಲ್ಲ.

ಇತಿ,
ನೊಂದ ಗ್ರಾಹಕಿ
ಬೆಂಗಳೂರು