ಮಾತ್ರೆಯ ಸೀಸೆ ಕೊಳ್ಳುವ ಮುನ್ನ

ಚಿರಂಜೀವಿ ಕಂದನಿಗೆ ಅತ್ತೆಯ ಆಶೀರ್ವಾದಗಳು.

‘ಅಪ್ಪನನ್ನು ತಿಂದದ್ದು ನನ್ನ ಹೊಟ್ಟೆಯಲ್ಲೂ ಕುಳಿತಿದೆಯೇನೋ’ ಎಂದು ನೀನು ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಅವನ ಜಠರದ ಕ್ಯಾನ್ಸರಿನ ಕಥೆಯನ್ನು ನಿನಗೆ ಹೇಳಬೇಕಾಗಿಲ್ಲ. ಆದರೆ ಆ ಭಯಕ್ಕೆ ಮದ್ದಾಗಿ ಸೆಲೆನಿಯಂ ಎಂಬ ಖನಿಜ, ವಿಟಮಿನ್ ಇ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ಎಂದು ನೀನು ಕೊಳ್ಳಬೇಕಾದ ಮಾತ್ರೆಗಳ ಪಟ್ಟಿ ಮಾಡಿಕೊಂಡಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ.

ಆ ಮೂರರ ಮೇಲಿನ ನಂಬಿಕೆ ಆಧಾರವಿಲ್ಲದ್ದೇನೂ ಅಲ್ಲ. ಚೀನಾದ ಲಿನ್‌ಶಿಯಾನ್‌ನಲ್ಲಿ 1986ರಿಂದ 1991ರವರೆಗೆ ಸುಮಾರು 30,000 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಈ ಮೂರನ್ನೂ ಒಟ್ಟಿಗೆ ನುಂಗಿದವರಲ್ಲಿ ಜಠರದ ಕ್ಯಾನ್ಸರಿನ ಸಾವು ಶೇ. 21ರಷ್ಟು ಕಡಿಮೆಯಿತ್ತು. ಆದರೆ ಅವರು ಮೊದಲೇ ಪೋಷಕಾಂಶಗಳ ಕೊರತೆಯಿಂದ ಬಳಲಿದವರು. ಅವರಿಗಾದ ಲಾಭ ಚೆನ್ನಾಗಿ ಉಂಡು ಬೆಳೆದ ನಿನಗೂ ಆದೀತೆಂದು ಹೇಳಲು ಬಾರದು. ಫಿನ್‌ಲೆಂಡಿನಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತೆಂದು 1994ರಲ್ಲಿ ವರದಿಯಾಯಿತು. ಸಿಗರೇಟು ಬಿಟ್ಟೆಯೋ ಇಲ್ಲವೋ, ನೀನು ಬರೆದಿಲ್ಲ. ಜಠರಕ್ಕೂ ಅದು ಒಳ್ಳೆಯದಲ್ಲ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ತಂದೆಗೆ ಬಂದಿದ್ದರೆ ಮಕ್ಕಳಿಗೆ ಅಪಾಯ ಉಳಿದವರಿಗಿಂತ ಹೆಚ್ಚೆಂಬುದು ನಿಜ. ಸುಳ್ಳು ಹೇಳಿ ಸಮಾಧಾನಪಡಿಸಲಾರೆ. ಆದರೆ ಅದೆಲ್ಲವೂ ರಕ್ತದಲ್ಲೇ ಬಂದದ್ದಲ್ಲ. ಒಂದೇ ಅಡುಗೆ ಉಂಡದ್ದೂ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಬಾಲ್ಯದಲ್ಲೇ ಮನೆಯವರಿಂದ ಮನೆಯವರಿಗೆ ಅಂಟಿದ್ದೂ ಅದರಲ್ಲಿ ಸೇರಿರುತ್ತದೆ. ಆ ಬ್ಯಾಕ್ಟೀರಿಯಾ ಜಠರದ ಒಳಪೊರೆಯನ್ನು ವರ್ಷಗಟ್ಟಲೆ ಕೆರಳಿಸಿ ಸವೆಸುತ್ತದೆ. ಆಮ್ಲ ತಗ್ಗುತ್ತದೆ, ಅಲ್ಲಿನ ಜೀವಕೋಶಗಳು ಕರುಳಿನ ಜೀವಕೋಶಗಳ ರೂಪ ತಾಳುತ್ತವೆ, ಕೆಲವೇ ಜನರಲ್ಲಿ ಅದು ಕ್ಯಾನ್ಸರಿನವರೆಗೆ ಹೋಗುತ್ತದೆ. ಅತಿಯಾದ ಉಪ್ಪು ಪೊರೆಯನ್ನು ಕಾಯುವ ಲೋಳೆಯನ್ನು ಕೆಡಿಸಿ ಆ ದಾರಿಯನ್ನು ಸುಗಮಗೊಳಿಸುತ್ತದೆ. ಸಂಸ್ಕರಿಸಿದ ಮಾಂಸ ಕೆಡದಿರಲೆಂದು ಹಾಕುವ ನೈಟ್ರೈಟ್ ಹೊಟ್ಟೆಯಲ್ಲಿ ಕ್ಯಾನ್ಸರ್‌ಕಾರಕ ಸಂಯುಕ್ತವಾಗಿ ಮಾರ್ಪಡುವುದಕ್ಕೆ ವಿಟಮಿನ್ ಸಿ ಅಡ್ಡ ಬರುತ್ತದೆ. ಹಣ್ಣು ತರಕಾರಿ ತಿನ್ನು ಎನ್ನುವುದಕ್ಕೆ ಇದೂ ಒಂದು ಕಾರಣ.

ನಿನ್ನ ಅಪ್ಪ ರುಚಿ ನೋಡುವ ಮೊದಲೇ ಮೇಲುಪ್ಪು ಕೇಳುತ್ತಿದ್ದ, ನಾನೇ ಬಡಿಸುತ್ತಿದ್ದೆ. ಒಬ್ಬ ಮನುಷ್ಯನ ಕಾಯಿಲೆಗೆ ಆ ಚಿಟಿಕೆಯೇ ಕಾರಣವೆಂದು ಯಾವ ವೈದ್ಯರೂ ಹೇಳಲಾರರೆಂದು ಬಲ್ಲೆ. ಆದರೂ ಉಪ್ಪಿನ ಡಬ್ಬಿ ತೆರೆದಾಗ ಈಗಲೂ ಕೈ ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆಯುರಿಗೆ ಅವನು ಆಮ್ಲ ತಗ್ಗಿಸುವ ಮಾತ್ರೆ ಚೀಪುತ್ತಾ ದಿನ ತಳ್ಳಿದ್ದು, ನಾವೂ ‘ಗ್ಯಾಸು’ ಎಂದು ಸುಮ್ಮನಾದದ್ದು ನನ್ನನ್ನು ಬಿಡದೆ ಕಾಡುತ್ತದೆ.

ನಾನು ವೈದ್ಯೆಯಲ್ಲ, ಹೆಚ್ಚು ಹೇಳಿದ್ದರೆ ಕ್ಷಮಿಸು. ‘ನನ್ನಲ್ಲೂ ಇದೆಯೇ’ ಎಂಬ ಪ್ರಶ್ನೆಯಲ್ಲಿ ಉತ್ತರ ಸಿಗುವಂಥ ಒಂದು ಭಾಗವಿದೆ: ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಆ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯುತ್ತದೆ, ಇದ್ದರೆ ಔಷಧದಿಂದ ಹೋಗುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ತೂಕ ಇಳಿದರೆ, ಮಲ ಕಪ್ಪಾದರೆ, ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಎಂಡೋಸ್ಕೋಪಿಗೆ ಹೆದರಿ ದಿನ ದೂಡಬೇಡ. ನೀನೂ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸು; ಉಸಿರಿನ ಅಥವಾ ಮಲದ ಪರೀಕ್ಷೆಗೆ ಸಾಮಾನ್ಯವಾಗಿ 2 ವಾರ ಮುಂಚೆ ಅದನ್ನು ನಿಲ್ಲಿಸಲು ಹೇಳುತ್ತಾರೆ, ಇಲ್ಲದಿದ್ದರೆ ಸೋಂಕಿದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು.

ಇಂತು ನಿನ್ನ ಅತ್ತೆ